ಕಳುಹಿಸಲ್ಪಟ್ಟವನ ವ್ಯಾಸಂಗ: ವಿದೇಶದ ಪೂರ್ಣ ವಿದ್ಯಾರ್ಥಿವೇತನ ಕುರಿತು ಒಂದು ವಿವೇಚನೆ

ಪ್ರತಿ ವರ್ಷ ದೈವಶಾಸ್ತ್ರದ ಅಂತಿಮ ತರಗತಿ ಮುಗಿಯುವ ಹೊತ್ತಿಗೆ ಒಬ್ಬಿಬ್ಬರು ಗುರುವಿದ್ಯಾರ್ಥಿಗಳು ನಮ್ಮ ಕೊಠಡಿಯ ಬಾಗಿಲಲ್ಲಿ ನಿಂತು ಕೇಳುವುದುಂಟು: “ಫಾದರ್, ಹೊರದೇಶದಲ್ಲಿ ಓದಲು ಪೂರ್ತಿ ಸ್ಕಾಲರ್‌ಶಿಪ್ ಸಿಗಬೇಕಾದರೆ ಏನು ಮಾಡಬೇಕು?” ಗುರುಪಟ್ಟವಾಗಿ ಮೂರು ನಾಲ್ಕು ವರ್ಷ ಕಳೆದ ಕಿರಿಯ ಗುರುಗಳೂ ಇದನ್ನೇ ಕೇಳುತ್ತಾರೆ, ಆದರೆ ಅವರು ಸಂಕೋಚದಿಂದ, ಬೇರೆ ಮಾತುಗಳ ನಡುವೆ ಸೇರಿಸಿ ಕೇಳುತ್ತಾರೆ. ಆ ಸಂಕೋಚಕ್ಕೆ ಕಾರಣವಿದೆ. ವಿದೇಶ ವ್ಯಾಸಂಗವು ನಮ್ಮ ನಡುವೆ ಒಂದು ಬಹುಮಾನದಂತೆ, ಕೆಲವೊಮ್ಮೆ ಪಾರಾಗಿ ಹೋಗುವ ದಾರಿಯಂತೆ ಕಾಣತೊಡಗಿದೆ. ಬಯಸಿದವನನ್ನು ಮಹತ್ವಾಕಾಂಕ್ಷಿ ಎನ್ನುತ್ತೇವೆ. ಪಡೆದವನನ್ನು ಅದೃಷ್ಟವಂತ ಎನ್ನುತ್ತೇವೆ. ಪಡೆಯದವನು ತನ್ನನ್ನು ಕಡೆಗಣಿಸಲಾಯಿತೆಂದು ಒಳಗೊಳಗೇ ನೋಯುತ್ತಾನೆ.

ಈ ಲೇಖನದಲ್ಲಿ ನಾವು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಎತ್ತಿಕೊಳ್ಳುತ್ತೇವೆ. ಪೂರ್ಣ ವಿದ್ಯಾರ್ಥಿವೇತನವನ್ನು ಪಡೆಯುವ ಬಗೆ ಹೇಗೆ ಎಂಬುದು ಮೊದಲನೆಯದು. ಅದು ಯಾರಿಗಾಗಿ ಎಂಬುದು ಎರಡನೆಯದು. ಎರಡನೆಯದಕ್ಕೆ ಉತ್ತರ ಕಂಡುಕೊಳ್ಳದವನಿಗೆ ಮೊದಲನೆಯದರ ಉತ್ತರವೂ ದಕ್ಕುವುದಿಲ್ಲ ಎಂಬುದೇ ನಮ್ಮ ವಾದ. ಇದು ಕೇವಲ ನೀತಿಬೋಧೆಯಲ್ಲ. ಅರ್ಜಿಗಳನ್ನು ಓದುವವರು ನಿಜಕ್ಕೂ ಹುಡುಕುವುದು ಅದನ್ನೇ.

೧. ನೆಹೆಮೀಯನ ಅರ್ಜಿ

ಪವಿತ್ರ ಗ್ರಂಥದಲ್ಲಿ ಒಂದು ಅರ್ಜಿಯ ಪೂರ್ಣ ಚಿತ್ರ ಬೇಕೆಂದರೆ ನೆಹೆಮೀಯನ ಗ್ರಂಥದ ಎರಡನೆಯ ಅಧ್ಯಾಯವನ್ನು ಓದಬೇಕು. ನೆಹೆಮೀಯನು ಪರ್ಷಿಯದ ಅರಸನಿಗೆ ಪಾನಸೇವಕ. ಜೆರುಸಲೇಮಿನ ಗೋಡೆ ಕುಸಿದಿದೆಯೆಂಬ ಸುದ್ದಿ ಕೇಳಿ ಅವನ ಮುಖ ಬಾಡಿದೆ. ನಿನಗೆ ಏನು ಬೇಕೆಂದು ಅರಸನು ಕೇಳುತ್ತಾನೆ. ಆತನು ಮೊದಲು ದೇವರನ್ನು ಪ್ರಾರ್ಥಿಸಿ, ಆಮೇಲೆ ಅರಸನಿಗೆ ಉತ್ತರ ಕೊಡುತ್ತಾನೆ: ಪಿತೃಗಳ ಸಮಾಧಿಗಳಿರುವ ಪಟ್ಟಣವನ್ನು ಮತ್ತೆ ಕಟ್ಟಲು ತನ್ನನ್ನು ಕಳುಹಿಸಬೇಕು. ಎಷ್ಟು ಕಾಲ ಬೇಕು, ಯಾವಾಗ ಹಿಂದಿರುಗುವೆ ಎಂದು ಅರಸನು ವಿಚಾರಿಸಿದಾಗ ನೆಹೆಮೀಯನು ಅವಧಿಯನ್ನು ಗೊತ್ತುಮಾಡಿ ಹೇಳುತ್ತಾನೆ. ಅನಂತರ ನದಿಯಾಚೆಯ ರಾಜ್ಯಪಾಲರಿಗೆ ತೋರಿಸಲು ಪತ್ರಗಳನ್ನೂ, ತೊಲೆಗಳಿಗೆ ಬೇಕಾದ ಮರವನ್ನು ಕೊಡುವಂತೆ ಅರಸನ ವನಪಾಲಕನಾದ ಆಸಾಫನಿಗೆ ಒಂದು ಪತ್ರವನ್ನೂ ಬೇಡುತ್ತಾನೆ.

ಇಂದಿನ ಯಾವುದೇ ವಿದ್ಯಾರ್ಥಿವೇತನದ ಅರ್ಜಿಯಲ್ಲಿರುವ ಅಂಗಗಳೆಲ್ಲವೂ ಇಲ್ಲಿವೆ: ಕಣ್ಣಿಗೆ ಕಂಡ ಒಂದು ಕೊರತೆ, ಸ್ಪಷ್ಟವಾದ ಕೋರಿಕೆ, ನಿಶ್ಚಿತ ಅವಧಿ, ಶಿಫಾರಸು ಪತ್ರ, ಬೇಕಾದ ಸಾಮಗ್ರಿಯ ಲೆಕ್ಕ. ಆತನು ಬೇಡಿದ್ದರಲ್ಲಿ ತನ್ನ ಬಡ್ತಿಗೆ ಸೇರಿದ್ದು ಯಾವುದೂ ಇಲ್ಲ; ಬೇಡಿಕೆಯ ಮಧ್ಯದಲ್ಲಿರುವುದು ಕುಸಿದ ಗೋಡೆ. ತಾನು ಎಷ್ಟು ಅರ್ಹನೆಂಬುದರಿಂದ ಆರಂಭವಾಗುವ ಅರ್ಜಿಗೂ, ಎಲ್ಲಿ ಏನು ಕುಸಿದಿದೆ ಎಂಬುದರಿಂದ ಆರಂಭವಾಗುವ ಅರ್ಜಿಗೂ ಇರುವ ಅಂತರವನ್ನು ನಮ್ಮ ವಿದ್ಯಾರ್ಥಿಗಳು ಮೊದಲು ಗುರುತಿಸಬೇಕು.

೨. ಧರ್ಮಸಭೆ ಏನು ಹೇಳುತ್ತದೆ

ಉನ್ನತ ವ್ಯಾಸಂಗಕ್ಕೆ ಗುರುಗಳನ್ನು ಕಳುಹಿಸುವುದು ಧರ್ಮಾಧ್ಯಕ್ಷರ ಔದಾರ್ಯಕ್ಕೆ ಬಿಟ್ಟ ವಿಷಯವೆಂದು ತಿಳಿಯುವವರಿದ್ದಾರೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ದೃಷ್ಟಿ ಹಾಗಿಲ್ಲ. ಗುರುಗಳ ತರಬೇತಿ ಕುರಿತ ‘ಒಪ್ತಾತಾಮ್ ತೋತಿಯುಸ್’ ಆಜ್ಞಾಪತ್ರದ 18ನೆಯ ಪರಿಚ್ಛೇದವು ಸ್ವಭಾವ, ಸದ್ಗುಣ, ಪ್ರತಿಭೆಗಳಲ್ಲಿ ಯೋಗ್ಯರಾದವರನ್ನು ವಿಶೇಷ ಸಂಸ್ಥೆಗಳಿಗೂ ವಿಶ್ವವಿದ್ಯಾಲಯಗಳಿಗೂ ಕಳುಹಿಸುವುದನ್ನು ಧರ್ಮಾಧ್ಯಕ್ಷರ ಹೊಣೆಯೆಂದೇ ಹೇಳುತ್ತದೆ. ಧರ್ಮಪ್ರಚಾರ ಕುರಿತ ‘ಆದ್ ಜೆಂತೆಸ್’ ಆಜ್ಞಾಪತ್ರದ 16ನೆಯ ಪರಿಚ್ಛೇದವು ಇನ್ನೊಂದು ಮುಖ್ಯ ಅಂಶವನ್ನು ಸೇರಿಸುತ್ತದೆ: ಹೀಗೆ ಆಯ್ಕೆಯಾಗುವವರಿಗೆ ಮೊದಲು ಪಾಲನಾಸೇವೆಯ ಅನುಭವವಿರಬೇಕು. ಪಾಲನಾಸೇವೆ ಮೊದಲು, ಪುಸ್ತಕ ಆಮೇಲೆ. ಈ ಅನುಕ್ರಮದ ಮಹತ್ವವನ್ನು ಮುಂದೆ ವಿವರಿಸುತ್ತೇವೆ.

ಪದವಿಗಳ ವಿಷಯದಲ್ಲಿ 1979ರ ‘ಸಾಪಿಯೆಂತಿಯಾ ಕ್ರಿಸ್ತಿಯಾನಾ’ ಹಾಕಿಕೊಟ್ಟ ಚೌಕಟ್ಟನ್ನು ಪೋಪ್ ಫ್ರಾನ್ಸಿಸರ ‘ವೆರಿತಾತಿಸ್ ಗೌದಿಯುಮ್’ ನವೀಕರಿಸಿದೆ. ದೈವಶಾಸ್ತ್ರದ ವ್ಯಾಸಂಗ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲ ಹಂತ ಬಾಕಲೌರೆಯೇಟ್. ಎರಡನೆಯದು ಲೈಸೆನ್ಷಿಯೇಟ್, ಸಾಮಾನ್ಯವಾಗಿ ಎರಡು ವರ್ಷ. ಮೂರನೆಯದು ಡಾಕ್ಟರೇಟ್. ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಅಥವಾ ಧರ್ಮಸಭೆಯ ಕಾನೂನನ್ನು ಬೋಧಿಸುವವರು ಪವಿತ್ರ ಪೀಠದ ಮನ್ನಣೆಯುಳ್ಳ ಸಂಸ್ಥೆಯಿಂದ ಡಾಕ್ಟರೇಟ್ ಅಥವಾ ಲೈಸೆನ್ಷಿಯೇಟ್ ಪಡೆದಿರಬೇಕೆಂದು ಕಾನೂನು ಸಂಹಿತೆಯ 253ನೆಯ ನಿಯಮ ವಿಧಿಸುತ್ತದೆ. ಆದ್ದರಿಂದ ಲೈಸೆನ್ಷಿಯೇಟ್ ಎಂಬುದು ಹೆಸರಿನ ಹಿಂದೆ ಸೇರಿಸಿಕೊಳ್ಳುವ ಅಲಂಕಾರವಲ್ಲ, ಬೋಧಿಸಲು ಕೊಡುವ ಅನುಮತಿ.

ಇದಕ್ಕೆ ಹೊರದೇಶಕ್ಕೇ ಹೋಗಬೇಕೆಂದಿಲ್ಲ. ಬೆಂಗಳೂರಿನಲ್ಲಿಯೇ ಸಂತ ಪೇತ್ರರ ಪೊಂಟಿಫಿಕಲ್ ಗುರುಮಠವಿದೆ, ಧರ್ಮಾರಾಮ್ ವಿದ್ಯಾಕ್ಷೇತ್ರವಿದೆ. ಇಲ್ಲಿ ಸಿಗುವುದನ್ನು ಅಲ್ಲಿ ಹುಡುಕುವುದು ವೃಥಾ ಶ್ರಮ. ಹೋಗಲು ನಿಜವಾದ ಕಾರಣಗಳು ಬೇರೆ. ಶ್ರೀಗ್ರಂಥದ ಮೂಲಭಾಷೆಗಳಲ್ಲಿ ಆಳವಾದ ಪರಿಣತಿ ಬಯಸುವವನಿಗೆ 1909ರಲ್ಲಿ ರೋಮಿನಲ್ಲಿ ಸ್ಥಾಪಿತವಾದ ಪೊಂಟಿಫಿಕಲ್ ಬೈಬಲ್ ಸಂಸ್ಥೆ ಬೇಕಾದೀತು. ಆರಾಧನಾವಿಧಿಯ ಇತಿಹಾಸಕ್ಕೆ ಸಂತ ಆನ್ಸೆಲ್ಮರ ಸಂಸ್ಥೆ ಬೇಕಾದೀತು. ಕನ್ನಡ ನಾಡಿನ ಧರ್ಮಸಭೆಯ ಚರಿತ್ರೆಯನ್ನು ಬರೆಯಹೊರಟವನಿಗೆ ರೋಮಿನ ‘ಪ್ರೊಪಗಾಂಡ ಫಿದೆ’ ದಫ್ತರವೂ, ಮೈಸೂರು ಸೀಮೆಯಲ್ಲಿ ದುಡಿದ ಪ್ಯಾರಿಸ್ ವಿದೇಶ ಮಿಷನ್ ಸಂಘದ ದಫ್ತರವೂ ಅನಿವಾರ್ಯ. ನಮ್ಮ ಹಿರಿಯರ ಕುರಿತಾದ ಎಷ್ಟೋ ಪತ್ರಗಳು ನಮ್ಮಲ್ಲಿಲ್ಲ, ಅಲ್ಲಿವೆ. “ಇಲ್ಲಿ ಏಕೆ ಸಾಧ್ಯವಿಲ್ಲ?” ಎಂಬ ಪ್ರಶ್ನೆಗೆ ಎರಡು ವಾಕ್ಯಗಳಲ್ಲಿ ಉತ್ತರ ಕೊಡಲಾಗದವನು ಇನ್ನೂ ಅರ್ಜಿ ಬರೆಯುವ ಹಂತಕ್ಕೆ ಬಂದಿಲ್ಲ.

೩. ಈ ಹಣ ಯಾರದು?

‘ಪೂರ್ಣ ವಿದ್ಯಾರ್ಥಿವೇತನ’ ಎಂದರೆ ಬೋಧನಾಶುಲ್ಕ, ವಸತಿ, ಊಟ, ಆರೋಗ್ಯವಿಮೆ ಮತ್ತು ಕೈಖರ್ಚಿನ ಒಂದಿಷ್ಟು ಹಣ ಎಂದು ಸಾಮಾನ್ಯವಾಗಿ ಅರ್ಥ. ವಿಮಾನದ ದರ, ವೀಸಾ ಶುಲ್ಕ, ಭಾಷಾ ತರಬೇತಿಯ ವೆಚ್ಚ, ಪ್ರಬಂಧ ಮುದ್ರಣದ ವೆಚ್ಚ ಇವು ಸೇರಿವೆಯೇ ಎಂಬುದನ್ನು ಪ್ರತಿಯೊಂದು ಸಂದರ್ಭದಲ್ಲೂ ಕೇಳಿ ತಿಳಿಯಬೇಕು. ಗೋಪುರ ಕಟ್ಟುವವನು ಮೊದಲು ಕುಳಿತು ಲೆಕ್ಕಹಾಕುವ ಸಾಮತಿ ಇಲ್ಲಿಗೂ ಅನ್ವಯಿಸುತ್ತದೆ.

ಆದರೆ ಆ ಹಣ ಎಲ್ಲಿಂದ ಬಂತು? ಗುರುವಿದ್ಯಾರ್ಥಿಗಳಲ್ಲಿ ಅನೇಕರು ಇದನ್ನು ಎಂದೂ ಕೇಳಿರುವುದಿಲ್ಲ. ಫ್ರಾನ್ಸಿನ ಕಾನ್ ಪಟ್ಟಣದಲ್ಲಿ ಸ್ತೆಫಾನಿ ಬಿಗಾರ್ ಎಂಬ ವಿಧವೆಯೂ ಆಕೆಯ ಮಗಳು ಜಾನ್ ಬಿಗಾರಳೂ ಇದ್ದರು. ಗುರುಗಳಾಗಬಯಸುವ ಸ್ಥಳೀಯ ತರುಣರಿದ್ದರೂ ಅವರನ್ನು ಓದಿಸಲು ಹಣವಿಲ್ಲವೆಂದು ಜಪಾನಿನ ನಾಗಾಸಾಕಿಯ ಧರ್ಮಾಧ್ಯಕ್ಷರು ಬರೆದ ಪತ್ರ ಈ ತಾಯಿ ಮಗಳ ಕೈಸೇರಿತು. 1889ರಲ್ಲಿ ಅವರು ಆರಂಭಿಸಿದ ಕಾರ್ಯವೇ ಪ್ರೇಷಿತ ಸಂತ ಪೇತ್ರರ ಸಂಘ. 1922ರಲ್ಲಿ ಅದು ಪೊಂಟಿಫಿಕಲ್ ಸಂಘವೆಂಬ ಮನ್ನಣೆ ಪಡೆಯಿತು. ಇಂದಿಗೂ ಪ್ರಪಂಚದ ಧರ್ಮಕೇಂದ್ರಗಳಲ್ಲಿ ಸಂಗ್ರಹವಾಗುವ ಕಾಣಿಕೆಯಿಂದ ಮಿಷನ್ ಪ್ರದೇಶಗಳ ಗುರುಮಠಗಳನ್ನು ಅದು ಪೋಷಿಸುತ್ತಿದೆ. ಪೋಪ್ ಹದಿಮೂರನೆಯ ಲಿಯೋ ಅವರೂ 1893ರಲ್ಲಿ ಭಾರತದ ಸ್ಥಳೀಯ ಗುರುಗಳ ತರಬೇತಿಯ ಬಗ್ಗೆ ವಿಶ್ವಪತ್ರ ಬರೆದು, ಸಿಂಹಳದ ಕ್ಯಾಂಡಿಯಲ್ಲಿ ಪೋಪರ ಗುರುಮಠವನ್ನು ಸ್ಥಾಪಿಸಿದರು. 1955ರಲ್ಲಿ ಅದು ಪುಣೆಗೆ ಬಂತು.

ಅಂದಮೇಲೆ ವಿದ್ಯಾರ್ಥಿವೇತನದ ಹಿಂದೆ ಇರುವುದು ಯಾವುದೋ ಮುಗಿಯದ ಖಜಾನೆಯಲ್ಲ. ಎಲ್ಲಿಯೋ ಒಬ್ಬ ವೃದ್ಧೆ ಭಾನುವಾರದ ಬಲಿಪೂಜೆಯಲ್ಲಿ ತಟ್ಟೆಗೆ ಹಾಕಿದ ನಾಣ್ಯ ಅದರಲ್ಲಿದೆ. ನಮ್ಮ ಹಳ್ಳಿಗಳ ತಾಯಂದಿರು ಮಿಷನ್ ಭಾನುವಾರ ಹಾಕಿದ ಹತ್ತು ರೂಪಾಯಿಯ ನೋಟೂ ಅಂಥ ಹುಂಡಿಗಳಿಗೇ ಸೇರುತ್ತದೆ. ಇದನ್ನು ಅರಿತವನು ಎರಡು ವರ್ಷದ ಪಾಠವನ್ನು ಮೂರು ವರ್ಷಕ್ಕೆ ಎಳೆಯಲಾರ.

೪. ತೆರೆದಿರುವ ದಾರಿಗಳು, ಮುಚ್ಚಿರುವ ದಾರಿಗಳು

ಧರ್ಮಕ್ಷೇತ್ರದ ಗುರುಗಳಿಗೆ ಅತ್ಯಂತ ಪರಿಚಿತವಾದ ದಾರಿ ರೋಮಿನದು. 1622ರಲ್ಲಿ ಸ್ಥಾಪಿತವಾದ ಪ್ರೊಪಗಾಂಡ ಫಿದೆ ಪರಿಷತ್ತು 2022ರ ಪುನಾರಚನೆಯ ನಂತರ ಶುಭಸಂದೇಶ ಪ್ರಸಾರದ ಡಿಕಾಸ್ಟರಿಯ ಭಾಗವಾಗಿದೆ. ಅದರ ಆಶ್ರಯದಲ್ಲಿ ಪೊಂಟಿಫಿಕಲ್ ಊರ್ಬಾನಿಯಾನಾ ವಿಶ್ವವಿದ್ಯಾಲಯವೂ, ಗುರುಗಳ ವಸತಿಗಾಗಿ ಸಂತ ಪೇತ್ರರ ಕಾಲೇಜು ಹಾಗೂ ಸಂತ ಪೌಲರ ಕಾಲೇಜುಗಳೂ ಇವೆ. ಇಲ್ಲಿ ಅಭ್ಯರ್ಥಿಯು ತಾನಾಗಿ ಅರ್ಜಿ ಹಾಕುವುದಿಲ್ಲ. ಕೋರಿಕೆ ಧರ್ಮಾಧ್ಯಕ್ಷರಿಂದ ಹೋಗಬೇಕು. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ದೈವಶಾಸ್ತ್ರ ಪೀಠವು ಇಂಗ್ಲಿಷಿನಲ್ಲಿಯೂ ಬೋಧಿಸುವುದರಿಂದ ನಮ್ಮವರಿಗೆ ಅನುಕೂಲ. ಅಲ್ಲಿ ವಿದ್ಯಾರ್ಥಿಯ ಸಂಶೋಧನಾ ಪ್ರಸ್ತಾವನೆಗೆ ತೂಕ ಹೆಚ್ಚು. ಜರ್ಮನಿಯ ಆಖೆನ್ ನಗರದ ಮಿಸ್ಸಿಯೊ ಸಂಸ್ಥೆ ಏಷ್ಯಾ, ಆಫ್ರಿಕಾ, ಓಷಿಯಾನಿಯಾಗಳ ಧರ್ಮಸಭೆಗಳಲ್ಲಿ ಸೇವೆ ಮಾಡುವವರ ತರಬೇತಿಗೆ ನೆರವಾಗುತ್ತದೆ. ಬಾನ್ ನಗರದ ಕೆಎಎಡಿ ಮುಖ್ಯವಾಗಿ ಕಥೋಲಿಕ ಶ್ರೀಸಾಮಾನ್ಯರಿಗಾಗಿರುವ ವಿದ್ಯಾರ್ಥಿವೇತನ ಸಂಸ್ಥೆ. ನಮ್ಮ ಧರ್ಮಕೇಂದ್ರಗಳ ಪ್ರತಿಭಾವಂತ ಯುವಕ ಯುವತಿಯರಿಗೆ ಇದರ ಬಗ್ಗೆ ತಿಳಿಸುವುದು ವಿಚಾರಣೆ ಗುರುಗಳ ಕರ್ತವ್ಯ. ಎಲ್ಲ ಧರ್ಮದವರಿಗೂ ತೆರೆದಿರುವ ಡಿಎಎಡಿಯಂಥ ಸಂಸ್ಥೆಗಳೂ ಇವೆ.

ಮುಚ್ಚಿರುವ ಒಂದು ಬಾಗಿಲಿನ ಬಗ್ಗೆಯೂ ಹೇಳಲೇಬೇಕು. ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳು ಹೊರದೇಶದಲ್ಲಿ ಓದಲು ಕೇಂದ್ರ ಸರ್ಕಾರವು ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವನ್ನು ಕೊಡುತ್ತದೆ. 1950ರ ರಾಷ್ಟ್ರಪತಿಗಳ ಆದೇಶದ ಮೂರನೆಯ ಪರಿಚ್ಛೇದವು ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಮೊದಲು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು, ಕ್ರೈಸ್ತರನ್ನು ಸೇರಿಸಿಲ್ಲ. ಹೀಗಾಗಿ ದಲಿತ ಕ್ರೈಸ್ತ ಮನೆತನದ ಹುಡುಗನಿಗೆ ಆ ಬಾಗಿಲು ತೆರೆಯದು. ಅವನ ಮನೆಯ ಬಡತನ ಬದಲಾಗಿಲ್ಲ, ಊರಿನಲ್ಲಿ ಅವನನ್ನು ಕಾಣುವ ಕಣ್ಣು ಬದಲಾಗಿಲ್ಲ. ರಾಜ್ಯದ ದಾರಿ ಮುಚ್ಚಿದ ಕಡೆ ಧರ್ಮಸಭೆಯ ವಿದ್ಯಾರ್ಥಿವೇತನವೂ ಇಂಗ್ಲಿಷ್ ಬಲ್ಲ, ನಗರದಲ್ಲಿ ಬೆಳೆದ, ಪರಿಚಯವುಳ್ಳವರಿಗೇ ಸಲ್ಲುವುದಾದರೆ ಆ ಹುಡುಗನಿಗೆ ಉಳಿಯುವ ದಾರಿ ಯಾವುದು? ಆಯ್ಕೆ ಮಾಡುವ ಸ್ಥಾನದಲ್ಲಿರುವ ನಾವೆಲ್ಲರೂ ಉತ್ತರಿಸಬೇಕಾದ ಪ್ರಶ್ನೆ ಇದು.

೫. ಪ್ರಶ್ನೆ ಹುಟ್ಟುವ ಸ್ಥಳ

ಅರ್ಜಿಯ ಹೃದಯವಿರುವುದು ಸಂಶೋಧನಾ ಪ್ರಶ್ನೆಯಲ್ಲಿ. ಅದು ಎಲ್ಲಿ ಹುಟ್ಟುತ್ತದೆ ಎಂಬುದನ್ನು ನಮ್ಮ ಸ್ವಂತ ಸೋಲಿನಿಂದಲೇ ವಿವರಿಸುತ್ತೇವೆ.

ಗುರುಪಟ್ಟದ ನಂತರ ನಾವು ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಕಡೆ ಸಹಾಯಕ ಗುರುವಾಗಿದ್ದೆವು. ಆಗ ಕಳುಹಿಸಿದ ಮೊದಲ ಅರ್ಜಿಯ ವಿಷಯ ‘ಜಾಗತೀಕರಣದ ಯುಗದಲ್ಲಿ ಕ್ರೈಸ್ತ ಪ್ರೀತಿ’ ಎಂದಿತ್ತು. ಅಂಕಗಳು ಉತ್ತಮವಾಗಿದ್ದವು, ಶಿಫಾರಸು ಪತ್ರಗಳು ಹೊಗಳಿಕೆಯಿಂದ ತುಂಬಿದ್ದವು. ಎರಡು ಸಾಲಿನ ನಿರಾಕರಣೆ ಬಂತು. ಬೇಸರದಿಂದ ಅಲ್ಲಿನ ಪ್ರಾಧ್ಯಾಪಕರೊಬ್ಬರಿಗೆ ಬರೆದು ಕಾರಣ ಕೇಳಿದಾಗ ಅವರು ಸೌಜನ್ಯದಿಂದಲೇ ಉತ್ತರಿಸಿದರು: ನಮ್ಮ ಪ್ರಸ್ತಾವನೆಯಲ್ಲಿ ಉತ್ತರಗಳು ಬಹಳ ಇದ್ದವು, ಪ್ರಶ್ನೆ ಒಂದೂ ಇರಲಿಲ್ಲ. ನಮಗೆ ಕೋಪ ಬಂತು. ಆ ಮಾತು ನಿಜವೆಂದು ಒಪ್ಪಿಕೊಳ್ಳಲು ಕೆಲವು ತಿಂಗಳು ಬೇಕಾದವು.

ವಿಜಯಪುರ ರೇಷ್ಮೆಯ ಊರು. ಸುತ್ತಣ ಹಳ್ಳಿಗಳಲ್ಲಿ ಹಿಪ್ಪುನೇರಳೆ ತೋಟಗಳು, ಮನೆಗಳಲ್ಲಿ ಹುಳುವಿನ ತಟ್ಟೆಗಳು, ಚಂದ್ರಿಕೆಗಳು. ಹುಳು ಹಣ್ಣಾಗುವ ದಿನಗಳಲ್ಲಿ ಜಪಸರಕ್ಕೆ ಬರುವವರ ಸಂಖ್ಯೆಯೂ ಕಡಿಮೆಯಾಗುತ್ತಿತ್ತು. ಒಂದು ಬೆಳಿಗ್ಗೆ ಧರ್ಮಕೇಂದ್ರದ ರೈತರೊಬ್ಬರ ಜೊತೆ ನಾವು ಗೂಡಿನ ಮಾರುಕಟ್ಟೆಗೆ ಹೋದೆವು. ರೈತರು ಜಾಲರಿಗಳಲ್ಲಿ ಗೂಡು ಸುರಿದು ನಿಂತಿದ್ದರು. ನೂಲು ಬಿಚ್ಚಾಣಿಕೆದಾರರು ಒಂದು ಹಿಡಿ ಗೂಡನ್ನು ತೆಗೆದು, ಕಿವಿಯ ಬಳಿ ಅಲ್ಲಾಡಿಸಿ ನೋಡಿ, ಹರಾಜಿನಲ್ಲಿ ಬೆಲೆ ಕೂಗುತ್ತಿದ್ದರು. ರಾಮನಗರದಲ್ಲಿ, ಶಿಡ್ಲಘಟ್ಟದಲ್ಲಿ ಆ ದಿನದ ದರ ಏನೆಂಬುದು ಬಿಚ್ಚಾಣಿಕೆದಾರರಿಗೆ ಫೋನಿನ ಮೂಲಕ ತಿಳಿದಿತ್ತು. ನಮ್ಮ ರೈತರಿಗೆ ತಿಳಿದಿರಲಿಲ್ಲ. ಬೆಲೆ ಸಾಲದೆಂದು ಗೂಡನ್ನು ಮನೆಗೆ ಕೊಂಡೊಯ್ಯುವಂತೆಯೂ ಇಲ್ಲ, ಕೆಲವೇ ದಿನಗಳಲ್ಲಿ ಚಿಟ್ಟೆ ಗೂಡನ್ನು ಕೊರೆದು ಹೊರಬಂದರೆ ನೂಲೇ ಹಾಳು. ಆ ರೈತರು ಸಿಕ್ಕ ಬೆಲೆಗೆ ಕೊಟ್ಟರು. ಹಿಂದಿರುಗುವ ದಾರಿಯಲ್ಲಿ ನಮ್ಮನ್ನು ಕೇಳಿದರು: “ಸ್ವಾಮಿ, ಗೊತ್ತಿದ್ದೂ ಹೇಳದೆ ಕಡಿಮೆಗೆ ತಗೊಂಡ್ರೆ ಅದು ಪಾಪ ಅಲ್ವಾ? ಆದ್ರೆ ಅವರಿಗೂ ಸಾಲ ಇದೆ, ಮಕ್ಕಳಿದ್ದಾರೆ.”

ನಾಲ್ಕು ವರ್ಷ ದೈವಶಾಸ್ತ್ರ ಓದಿದ್ದ ನಮಗೆ ಉತ್ತರ ತಿಳಿದಿರಲಿಲ್ಲ. ಸಂತ ಥಾಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರ ಸಂಗ್ರಹದ ಎರಡನೆಯ ಭಾಗದ ದ್ವಿತೀಯಾರ್ಧದಲ್ಲಿ, 77ನೆಯ ಪ್ರಶ್ನೆಯಲ್ಲಿ, ಮಾರುವ ಕೊಳ್ಳುವ ವ್ಯವಹಾರದ ನ್ಯಾಯವನ್ನು ಚರ್ಚಿಸುತ್ತಾರೆಂಬುದು ಪರೀಕ್ಷೆಗಾಗಿ ಓದಿದ ನೆನಪು. ತೆರೆದು ನೋಡಿದಾಗ ಬೆರಗಾದೆವು. ಗೋಧಿಗೆ ಬೆಲೆ ಹೆಚ್ಚಿರುವ ಊರಿಗೆ ಒಬ್ಬ ವರ್ತಕ ಗೋಧಿ ತಂದಿದ್ದಾನೆ. ಹಿಂದೆ ಇನ್ನೂ ಅನೇಕರು ತರುತ್ತಿದ್ದಾರೆಂಬುದು ಅವನಿಗೆ ಗೊತ್ತು, ಊರಿನವರಿಗೆ ಗೊತ್ತಿಲ್ಲ. ಅವನು ಹೇಳಬೇಕೇ? ನ್ಯಾಯದ ಕಟ್ಟುನಿಟ್ಟಿನಲ್ಲಿ ಹೇಳಬೇಕಿಲ್ಲ, ಹೇಳಿದರೆ ಅದು ಹೆಚ್ಚಿನ ಸದ್ಗುಣ ಎಂಬ ಅರ್ಥದ ತೀರ್ಪನ್ನು ಅಕ್ವಿನಾಸರು ಕೊಡುತ್ತಾರೆ. ಅಲ್ಲಿ ವಿಷಯ ಬಲ್ಲವನು ಮಾರುವವನು, ವಿಜಯಪುರದಲ್ಲಿ ಬಲ್ಲವನು ಕೊಳ್ಳುವವನು. ಅಲ್ಲಿ ಗೋಧಿಯನ್ನು ನಾಳೆಗೆ ಇಡಬಹುದು, ಇಲ್ಲಿ ಗೂಡನ್ನು ಇಡಲಾಗದು. ಈ ವ್ಯತ್ಯಾಸದಿಂದ ತೀರ್ಪು ಬದಲಾಗುತ್ತದೆಯೇ? ಕಾಯಲಾಗದವನ ಒಪ್ಪಿಗೆ ನಿಜವಾದ ಒಪ್ಪಿಗೆಯೇ?

ಈ ಪ್ರಶ್ನೆಯನ್ನೇ ಎರಡು ಪುಟಗಳಲ್ಲಿ ಬರೆದು ಮತ್ತೆ ಕಳುಹಿಸಿದೆವು. ಪೂರ್ಣ ವಿದ್ಯಾರ್ಥಿವೇತನ ಸಿಕ್ಕಿತು. ಅಂಕಗಳು ಹಿಂದಿನವೇ, ಶಿಫಾರಸು ಮಾಡಿದವರೂ ಅವರೇ. ಬದಲಾದದ್ದು ಪ್ರಶ್ನೆ ಮಾತ್ರ. ‘ಆದ್ ಜೆಂತೆಸ್’ ಪಾಲನಾನುಭವವನ್ನು ಮೊದಲಿಟ್ಟದ್ದರ ಅರ್ಥ ನಮಗೆ ತಿಳಿದದ್ದು ಆಗ. ಇಂದು ಅಲ್ಲಿನ ಹರಾಜು ಮೊಬೈಲಿನ ಮೂಲಕ ನಡೆಯುತ್ತಿದೆ. ಆದರೂ ಆ ರೈತರ ಪ್ರಶ್ನೆ ಹಳೆಯದಾಗಿಲ್ಲ.

೬. ಅರ್ಜಿಯ ಅಂಗಗಳು

ಪ್ರಾಯೋಗಿಕ ವಿಷಯಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ.

ಮೊದಲನೆಯದು, ಧರ್ಮಾಧ್ಯಕ್ಷರ ಪತ್ರ. ಧಾರ್ಮಿಕ ಸಭೆಯವರಿಗೆ ಮೇಲಧಿಕಾರಿಗಳ ಪತ್ರ. ಅಭ್ಯರ್ಥಿ ಒಳ್ಳೆಯವನೆಂದಷ್ಟೇ ಹೇಳುವ ಪತ್ರ ದುರ್ಬಲವಾದುದು. ಯಾವ ವಿಷಯ, ಎಷ್ಟು ವರ್ಷ, ಹಿಂದಿರುಗಿದ ಮೇಲೆ ಯಾವ ಸೇವೆ ಎಂಬ ಮೂರನ್ನೂ ಅದು ಹೇಳಬೇಕು. ಪತ್ರ ಬೇಡುವ ಮೊದಲು ಧರ್ಮಾಧ್ಯಕ್ಷರೊಂದಿಗೆ ಮನಬಿಚ್ಚಿ ಮಾತನಾಡುವುದು ಒಳಿತು. ಅವರಿಗೆ ಧರ್ಮಕ್ಷೇತ್ರದ ಬೇರೊಂದು ಅಗತ್ಯ ಕಂಡಿದ್ದರೆ ಅದನ್ನು ಕೇಳಿಸಿಕೊಳ್ಳುವುದೂ ವಿಧೇಯತೆಯ ಭಾಗ.

ಎರಡನೆಯದು, ಅಂಕಪಟ್ಟಿಗಳು. ತತ್ವಶಾಸ್ತ್ರ, ದೈವಶಾಸ್ತ್ರಗಳ ಪ್ರತಿಯೊಂದು ವಿಷಯ, ಅಧ್ಯಯನದ ಅವಧಿ, ಶ್ರೇಣಿ ಇವೆಲ್ಲವೂ ದೃಢೀಕೃತವಾಗಿರಬೇಕು. ಹೆಸರಿನ ಕಾಗುಣಿತ ಜ್ಞಾನಸ್ನಾನದ ದಾಖಲೆಯಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಇರುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಇದನ್ನು ಗುರುಮಠದ ಮೊದಲ ವರ್ಷದಲ್ಲೇ ಸರಿಪಡಿಸಿಕೊಳ್ಳಬೇಕು.

ಮೂರನೆಯದು, ಪ್ರಾಧ್ಯಾಪಕರ ಶಿಫಾರಸುಗಳು. ನಮ್ಮನ್ನು ಹೊಗಳುವವರಿಂದಲ್ಲ, ನಮ್ಮ ಬರಹವನ್ನು ತಿದ್ದಿದವರಿಂದ ಪಡೆಯಬೇಕು.

ನಾಲ್ಕನೆಯದು, ಭಾಷೆ. ರೋಮಿನಲ್ಲಿ ಇಟಾಲಿಯನ್ ಬೇಕು, ಜರ್ಮನಿಯಲ್ಲಿ ಜರ್ಮನ್. ಲತೀನ್ ಮತ್ತು ಗ್ರೀಕ್ ಭಾಷೆಗಳನ್ನು ಇಲ್ಲಿಯೇ ಕಲಿತು ಹೋದವನಿಗೆ ಅಲ್ಲಿ ಅರ್ಧ ಭಾರ ಇಳಿದಂತೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಲ್ಲಿ ಎದೆಗುಂದುವುದನ್ನು ನೋಡಿದ್ದೇವೆ. ಒಂದು ಭಾಷೆಯಲ್ಲಿ ಸ್ಪಷ್ಟವಾಗಿ ಯೋಚಿಸಬಲ್ಲವನು ಇನ್ನೊಂದನ್ನು ಕಲಿಯಬಲ್ಲ. ಪ್ರಸ್ತಾವನೆಯನ್ನು ಮೊದಲು ಕನ್ನಡದಲ್ಲಿ ಬರೆಯಿರಿ. ಇಂಗ್ಲಿಷಿನ ದೊಡ್ಡ ಪದಗಳ ಹಿಂದೆ ಅವಿತಿರುವ ಅಸ್ಪಷ್ಟತೆ ಕನ್ನಡದಲ್ಲಿ ಕೂಡಲೇ ಬಯಲಾಗುತ್ತದೆ.

ಐದನೆಯದು, ಕಾಲ. ರೋಮಿನ ಶೈಕ್ಷಣಿಕ ವರ್ಷ ಅಕ್ಟೋಬರಿನಲ್ಲಿ ಆರಂಭವಾಗುತ್ತದೆ. ಪತ್ರವ್ಯವಹಾರ, ಪ್ರವೇಶಪತ್ರ, ವೀಸಾ, ಭ��ಷಾ ತರಬೇತಿ ಎಲ್ಲಕ್ಕೂ ಸೇರಿ ಒಂದೂವರೆ ವರ್ಷ ಮೊದಲೇ ಸಿದ್ಧತೆ ಆರಂಭಿಸುವುದು ಕ್ಷೇಮ.

೭. ಮೊದಲ ವಿದ್ಯಾರ್ಥಿಯ ಪಾಠ

ರೋಮಿನ ಪೋಷಣೆಯಲ್ಲಿ ಓದಿದ ನಮ್ಮ ಕಡೆಯವರಲ್ಲಿ ಮೊದಲಿಗರೊಬ್ಬರ ಕಥೆಯನ್ನು ಇಲ್ಲಿ ನೆನೆಯಬೇಕು. ಅದರಲ್ಲಿಯೂ ಒಂದು ವಿಜಯಪುರ ಬರುತ್ತದೆ. ಆದರೆ ಅದು ನಮ್ಮ ರೇಷ್ಮೆಯ ಊರಲ್ಲ, 2014ರಲ್ಲಿ ವಿಜಯಪುರವೆಂಬ ಹೆಸರನ್ನು ಅಧಿಕೃತವಾಗಿ ಪಡೆದ ಬಿಜಾಪುರ.

ಮಾತೇವುಸ್ ಡಿ ಕಾಸ್ಟ್ರೊ ಗೋವೆಯ ದಿವಾಡಿ ದ್ವೀಪದವರು, ಕ್ರೈಸ್ತ ಬ್ರಾಹ್ಮಣ ಮನೆತನದವರು. ಗುರುವಾಗಬೇಕೆಂಬ ಅವರ ಬಯಕೆಗೆ ಗೋವೆಯ ಪೋರ್ಚುಗೀಸ್ ಧರ್ಮಾಧಿಕಾರದಲ್ಲಿ ಅವಕಾಶ ಸಿಗಲಿಲ್ಲ. ದೀರ್ಘ ಪ್ರಯಾಣ ಮಾಡಿ 1625ರಲ್ಲಿ ಅವರು ರೋಮನ್ನು ಸೇರಿದರು. ಪ್ರೊಪಗಾಂಡ ಫಿದೆ ಸ್ಥಾಪನೆಯಾಗಿ ಆಗ ಮೂರೇ ವರ್ಷ. ಅದರ ಮೊದಲ ಕಾರ್ಯದರ್ಶಿ ಫ್ರಾಂಚೆಸ್ಕೊ ಇಂಗೋಲಿಯವರು ಸ್ಥಳೀಯ ಗುರುವರ್ಗ ಬೆಳೆಯಬೇಕೆಂಬ ನಿಲುವಿನವರು. 1627ರಲ್ಲಿ ಪೋಪ್ ಎಂಟನೆಯ ಊರ್ಬಾನರು ಸ್ಥಾಪಿಸಿದ ಊರ್ಬಾನ್ ಕಾಲೇಜಿನ ಮೊದಮೊದಲ ವಿದ್ಯಾರ್ಥಿಗಳಲ್ಲಿ ಕಾಸ್ಟ್ರೊ ಒಬ್ಬರು. 1630ರ ಸುಮಾರಿಗೆ ಗುರುದೀಕ್ಷೆ ಪಡೆದು ಅವರು ಭಾರತಕ್ಕೆ ಹಿಂದಿರುಗಿದರು. ಆದರೆ ರೋಮ್ ಕೊಟ್ಟ ಅಧಿಕಾರಪತ್ರಗಳನ್ನು ಗೋವೆಯಲ್ಲಿ ಮನ್ನಿಸಲಿಲ್ಲ. ಮತ್ತೆ ರೋಮಿಗೆ ಹೋಗಬೇಕಾಯಿತು. 1637ರಲ್ಲಿ ಅವರಿಗೆ ಧರ್ಮಾಧ್ಯಕ್ಷ ದೀಕ್ಷೆಯಾಯಿತು. ಆದಿಲಶಾಹಿಗಳ ಬಿಜಾಪುರ ರಾಜ್ಯಕ್ಕೆ ಪೋಪರ ಪ್ರತಿನಿಧಿಯಾದ ಧರ್ಮಾಧ್ಯಕ್ಷರಾಗಿ ಅವರು ನೇಮಕಗೊಂಡರು. ಗೋವೆಯ ಗಡಿಯಾಚೆ ಬಿಚೋಲಿಮಿನಲ್ಲಿ ನೆಲೆನಿಂತು ಸ್ಥಳೀಯ ಗುರುಗಳನ್ನು ಬೆಳೆಸಲು ಯತ್ನಿಸಿದರು. ಪೋರ್ಚುಗೀಸರೊಂದಿಗಿನ ಅವರ ಸಂಘರ್ಷ ಕಹಿಯಾಗಿತ್ತು, ಅವರ ಸ್ವಭಾವವೂ ಮೃದುವಾಗಿರಲಿಲ್ಲ. ಕೊನೆಯ ವರ್ಷಗಳನ್ನು ಅವರು ರೋಮಿನಲ್ಲಿಯೇ ಕಳೆದರು. ಅವರ ಬಂಧುವಾದ ಥಾಮಸ್ ಡಿ ಕಾಸ್ಟ್ರೊ ಮುಂದೆ ಕೆನರಾ ಸೀಮೆಗೆ ಧರ್ಮಾಧ್ಯಕ್ಷರಾಗಿ ಬಂದರು. ಮಂಗಳೂರಿನ ಮಿಲಾಗ್ರಿಸ್ ದೇವಾಲಯ 1680ರಲ್ಲಿ ಅವರು ಕಟ್ಟಿಸಿದ್ದು.

ಮಾತೇವುಸರ ಜೀವನದಿಂದ ಎರಡು ಪಾಠಗಳು ದೊರೆಯುತ್ತವೆ. ಊರಿನಲ್ಲಿ ಯಾರನ್ನು ಅಯೋಗ್ಯನೆಂದು ಬದಿಗಿಡಲಾಗಿತ್ತೋ ಅವನನ್ನೇ ಧರ್ಮಸಭೆಯ ವಿಶಾಲ ಔದಾರ್ಯ ಎತ್ತಿಕೊಂಡಿತು. ವಿದ್ಯಾರ್ಥಿವೇತನವು ಆರಂಭದಿಂದಲೂ ಅನ್ಯಾಯಕ್ಕೆ ಒಂದು ಪರಿಹಾರವಾಗಿತ್ತು. ಇದು ಮೊದಲ ಪಾಠ. ಎರಡನೆಯದು ನಮ್ಮನ್ನು ಚುಚ್ಚುವಂಥದ್ದು. ಓದಿ ಬಂದವನನ್ನು ಬರಮಾಡಿಕೊಳ್ಳಲು ಊರು ಸಿದ್ಧವಿರಲಿಲ್ಲ.

೮. ಹಿಂದಿರುಗುವಿಕೆ

ಮಿಷನ್ ಪ್ರದೇಶಗಳ ಗುರುಗಳನ್ನು ಹೊರದೇಶಕ್ಕೆ ಕಳುಹಿಸುವುದು ಮತ್ತು ಅವರು ಅಲ್ಲಿ ಉಳಿಯುವುದು ಕುರಿತು ಪ್ರೊಪಗಾಂಡ ಫಿದೆ 2001ರ ಏಪ್ರಿಲಿನಲ್ಲಿ ಒಂದು ಸೂಚನಾಪತ್ರವನ್ನು ಹೊರಡಿಸಿತು. ವ್ಯಾಸಂಗದ ವಿಷಯವನ್ನು ಧರ್ಮಕ್ಷೇತ್ರದ ಅಗತ್ಯ ನೋಡಿ ನಿರ್ಧರಿಸಬೇಕು, ಅವಧಿ ಸ್ಪಷ್ಟವಿರಬೇಕು, ಕಳುಹಿಸುವ ಮತ್ತು ಬರಮಾಡಿಕೊಳ್ಳುವ ಧರ್ಮಾಧ್ಯಕ್ಷರ ನಡುವೆ ಒಪ್ಪಂದವಿರಬೇಕು ಎಂಬುದು ಅದರ ಸಾರ. ಹೆಚ್ಚು ಅನುಕೂಲದ ಬದುಕಿಗಾಗಿ ಅಲ್ಲಿಯೇ ನೆಲೆಸುವ ಪ್ರವೃತ್ತಿಯೇ ಆ ಪತ್ರಕ್ಕೆ ಹಿನ್ನೆಲೆ.

ಈ ಪ್ರಲೋಭನೆ ನಮಗೂ ಬಂತೆಂದು ಒಪ್ಪಿಕೊಳ್ಳುತ್ತೇವೆ. ಪ್ರಬಂಧ ಒಪ್ಪಿಸಿದ ವಾರ, ಬೇಸಿಗೆಯಲ್ಲಿ ನಾವು ಪೂಜೆ ಅರ್ಪಿಸುತ್ತಿದ್ದ ಧರ್ಮಕೇಂದ್ರದವರು ಇನ್ನು ಐದು ವರ್ಷ ಉಳಿಯುವಂತೆ ಕೇಳಿಕೊಂಡರು. ಅಲ್ಲಿ ಗುರುಗಳ ಕೊರತೆ ನಿಜ. ನಮ್ಮ ಮನೆಯ ಸಾಲವೂ ನಿಜವಾಗಿತ್ತು. ಮೂರು ರಾತ್ರಿ ನಿದ್ರೆ ಬರಲಿಲ್ಲ. ಕೊನೆಗೆ ನಮ್ಮನ್ನು ವಿಮಾನ ಹತ್ತಿಸಿದ್ದು ಯಾವ ದೊಡ್ಡ ಆದರ್ಶವೂ ಅಲ್ಲ. ಪ್ರಬಂಧದ ಮೊದಲ ಪುಟದಲ್ಲಿ ಆ ರೈತರಿಗೆ ಸಲ್ಲಿಸಿದ್ದ ಕೃತಜ್ಞತೆಯ ಒಂದು ಸಾಲು. ಉತ್ತರ ಕೊಂಡೊಯ್ಯದೆ ಕೃತಜ್ಞತೆ ಹೇಳುವುದು ಹೇಗೆ?

ಹಿಂದಿರುಗಿದ ಮೇಲಿನ ಅನುಭವವನ್ನೂ ಮುಚ್ಚಿಡುವುದಿಲ್ಲ. ನಮ್ಮ ಪುಸ್ತಕದ ಪೆಟ್ಟಿಗೆಗಳು ಎರಡು ವರ್ಷ ಬಿಚ್ಚದೆ ಉಳಿದವು. ಕಟ್ಟಡದ ಉಸ್ತುವಾರಿ, ಶಾಲೆಯ ಲೆಕ್ಕಪತ್ರ ನಮ್ಮ ಪಾಲಿಗೆ ಬಂದವು. ಅವೂ ಸೇವೆಯೇ, ಆದರೆ ಅವಕ್ಕೆ ಲೈಸೆನ್ಷಿಯೇಟ್ ಬೇಕಿರಲಿಲ್ಲ. ಯಾರನ್ನೂ ದೂರುವ ಸಲುವಾಗಿ ಇದನ್ನು ಬರೆಯುತ್ತಿಲ್ಲ. ಕಳುಹಿಸುವವರು ಬರಮಾಡಿಕೊಳ್ಳುವ ಯೋಜನೆಯನ್ನೂ ಮಾಡಬೇಕೆಂಬುದಷ್ಟೇ ನಮ್ಮ ಬಿನ್ನಹ. ಬೋಧಿಸಲು ಒಂದು ತರಗತಿ, ಬಳಸಲು ಒಂದು ಗ್ರಂಥಾಲಯ, ಬರೆಯಲು ವಾರದಲ್ಲಿ ಒಂದು ದಿನ, ಜೊತೆಗೆ ಜನರ ನಡುವೆ ಇರಲು ಭಾನುವಾರದ ಒಂದು ಹಳ್ಳಿ ಇಷ್ಟಿದ್ದರೆ ಆ ವ್ಯಾಸಂಗ ಫಲಕೊಡುತ್ತದೆ.

ಇದಕ್ಕೆ ಸೋದರ ಸಭೆಯ ಒಂದು ಮಾದರಿಯೂ ನಮ್ಮೆದುರಿಗಿದೆ. 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥರು ನ್ಯೂಯಾರ್ಕಿನ ಯೂನಿಯನ್ ಗುರುಮಠದಲ್ಲಿಯೂ ಹಾರ್ಟ್‌ಫರ್ಡಿನಲ್ಲಿಯೂ ಓದಿದರು. 1950ರ ದಶಕದಲ್ಲಿ ಮಂಗಳೂರಿನ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಪ್ರಾಂಶುಪಾಲರಾಗಿ ದುಡಿದರು. ಸಭೆಗಳ ವಿಶ್ವಮಂಡಳಿಯ ಅಂತರ್ಧರ್ಮೀಯ ಸಂವಾದದ ಕಾರ್ಯವನ್ನು ಜಿನೀವಾದಲ್ಲಿ ಮುನ್ನಡೆಸಿದ್ದು ಅದಾದ ಮೇಲೆ. ಜಗತ್ತು ಅವರನ್ನು ಕೇಳಿಸಿಕೊಳ್ಳುವ ಮೊದಲು ಕರಾವಳಿಯ ವಿದ್ಯಾರ್ಥಿಗಳು ಅವರ ಪಾಠ ಕೇಳಿದ್ದರು.

ನಾವು ಹಿಂದಿರುಗಿದ ಮೇಲೆ ವಿಜಯಪುರದ ಆ ರೈತರ ಮನೆಗೆ ಹೋದೆವು. ಅಂಗಳದಲ್ಲಿ ಚಂದ್ರಿಕೆಗಳನ್ನು ಬಿಸಿಲಿಗೆ ಒರಗಿಸಿದ್ದರು. ಅಕ್ವಿನಾಸರ ವರ್ತಕನ ಕಥೆಯನ್ನು ಕನ್ನಡದಲ್ಲಿ ಹೇಳಿ, ಕಾಯಲಾಗದವನ ಅಸಹಾಯಕತೆಯನ್ನು ಲಾಭವಾಗಿ ಮಾಡಿಕೊಳ್ಳುವುದು ನ್ಯಾಯಬೆಲೆಯಾಗದು ಎಂದು ನಾವು ತಲುಪಿದ ತೀರ್ಮಾನವನ್ನು ತಿಳಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಇದನ್ನ ಬಿಚ್ಚಾಣಿಕೆಯವರಿಗೂ ಒಂದ್ಸಲ ಹೇಳಿ ಸ್ವಾಮಿ” ಎಂದರು. ನಮ್ಮ ಪ್ರಬಂಧಕ್ಕೆ ಬಂದ ವಿಮರ್ಶೆಗಳಲ್ಲಿ ಅದೇ ಅತ್ಯಂತ ಕಠಿಣವಾದದ್ದು, ಏಕೆಂದರೆ ಆ ಕೆಲಸ ಇನ್ನೂ ಪೂರ್ತಿಯಾಗಿಲ್ಲ.

ಆದ್ದರಿಂದ ಬಾಗಿಲಲ್ಲಿ ನಿಂತು ಕೇಳುವ ಗುರುವಿದ್ಯಾರ್ಥಿಗೆ ನಾವು ಅರ್ಜಿ ನಮೂನೆಯನ್ನು ಕೊಡುವ ಮೊದಲು ಕುಳ್ಳಿರಿಸಿ ಎರಡು ಮಾತು ಕೇಳುತ್ತೇವೆ. ನಿಮ್ಮ ಊರಿನಲ್ಲಿ ಯಾವ ಗೋಡೆ ಕುಸಿದಿರುವುದನ್ನು ಕಂಡಿದ್ದೀರಿ? ಯಾವಾಗ ಹಿಂದಿರುಗುತ್ತೀರಿ? ಉತ್ತರ ಕೂಡಲೇ ಬರಬೇಕಾಗಿಲ್ಲ. ನೆಹೆಮೀಯನೂ ಅರಸನಿಗೆ ಉತ್ತರಿಸುವ ಮೊದಲು ಪ್ರಾರ್ಥಿಸಿದನು.